ಹೌದು ಅಂದಿದ್ದಕ್ಕೆ ಮೂರು ಈಜುಕೊಳ

ನನ್ನ ಒಳ್ಳೆಯದಕ್ಕೆಂದು ಬೇರೆಯವರು ಮಾಡುವ ಯಾವ ಕೆಲಸವೂ ನನಗೆ ಹಿಡಿಸುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಅರ್ಧ ಓದಿದ ಮೇಲೆ ನೀವಾಗಿ ನನ್ನನ್ನು ಮೊಂಡಿ ಎಂದು ಕಂಡುಹಿಡಿದು ಹೆಮ್ಮೆಪಡುವುದು ಬೇಡ. ಬಸ್ಸಿನಲ್ಲಿ ಯಾರಾದರೂ "ಕೂತ್ಕೊಳ್ಳಿ ಮೇಡಂ, ಬಿದ್ದುಬಿಡ್ತೀರ" ಅಂದರೆ ನಾನು ಇಳಿಯುವವರೆಗೂ ನಿಂತೇ ಇರುತ್ತೇನೆ. "ಚಳಿ ಇದೆ, ಸ್ವೆಟರ್ ಹಾಕ್ಕೋ" ಅಂದರೆ ನನಗೆ ಸೆಕೆ ಶುರುವಾಗುತ್ತದೆ. ಇದಕ್ಕೆ ನನ್ನ ಉದ್ಯೋಗವೂ ಸ್ವಲ್ಪ ಕಾರಣವಿರಬೇಕು. ನಾನು ಹಲ್ಲಿನ ಡಾಕ್ಟರು. ನನ್ನ ಮುಂದೆ ದಿನವಿಡೀ ಜನ ಬಾಯಿ ತೆರೆದುಕೊಂಡು ಮಲಗಿರುತ್ತಾರೆ. ಬಾಯೊಳಗೆ ಹತ್ತಿ, ಪುಟ್ಟ ಕನ್ನಡಿ, ಎಂಜಲು ಎಳೆಯುವ ಕೊಳವೆ. ರಾಜಕೀಯವಾಗಲಿ, ಹವಾಮಾನವಾಗಲಿ, ಮಕ್ಕಳನ್ನು ಬೆಳೆಸುವ ವಿಷಯವಾಗಲಿ, ನಾನು ಏನು ಹೇಳಿದರೂ "ಆಂ" ಅನ್ನುತ್ತಾರೆ. ಇಷ್ಟು ವರ್ಷ ಎದುರುತ್ತರವೇ ಕೇಳದೆ ಬದುಕಿದವಳಿಗೆ ಬುದ್ಧಿ ಹೇಳಲು ಬಂದರೆ ಕಿವಿ ತಾನಾಗಿಯೇ ಮುಚ್ಚಿಕೊಳ್ಳುತ್ತದೆ.

ಇಂಥವಳಿಗೆ ಗಂಟುಬಿದ್ದ ಗಂಡ ಸೇಫ್ಟಿ ಆಫೀಸರ್. ಕುವೈತಿನ ಎಣ್ಣೆಬಾವಿಗಳ ಕಡೆ ಕೆಲಸ ಮಾಡುವ ಒಂದು ಗುತ್ತಿಗೆ ಕಂಪನಿಯಲ್ಲಿ ಯಾರು ಹೆಲ್ಮೆಟ್ ಹಾಕಿಲ್ಲ, ಯಾರು ಬೆಲ್ಟ್ ಕಟ್ಟಿಕೊಳ್ಳದೆ ಏಣಿ ಹತ್ತಿದರು ಎಂದು ನೋಡುವುದು ನಮ್ಮ ಮನೆಯವರ ಕೆಲಸ. ಒಳ್ಳೆಯ ಕೆಲಸವೇ, ಇಲ್ಲವೆನ್ನುವುದಿಲ್ಲ. ತೊಂದರೆ ಏನೆಂದರೆ ಅವರು ಹೆಲ್ಮೆಟ್ಟನ್ನು ಸೈಟಿನಲ್ಲಿ ಬಿಟ್ಟು, ಅದರೊಳಗಿನ ತಲೆಯನ್ನು ಮಾತ್ರ ಮನೆಗೆ ತರುತ್ತಾರೆ. ನಮ್ಮ ಗ್ಯಾಸ್ ಒಲೆಯ ಮೇಲೆ ಬೆಂಕಿಯ ಚಿತ್ರವಿರುವ ಹಳದಿ ಸ್ಟಿಕ್ಕರ್ ಇದೆ. ಬೆಂಕಿ ಎಲ್ಲಿ ಬರುತ್ತದೆಂದು ನನಗೆ ಗೊತ್ತಿಲ್ಲದ ಹಾಗೆ. ಒಗ್ಗರಣೆಯ ಸಾಸಿವೆ ಸಿಡಿದು ಕಣ್ಣಿನ ಪಕ್ಕದಲ್ಲಿ ಹೋದರೆ "ನಿಯರ್ ಮಿಸ್" ಅನ್ನುತ್ತಾರೆ. ಅಂದರೆ ಅನಾಹುತ ಆಗಬೇಕಿತ್ತು, ಸ್ವಲ್ಪದರಲ್ಲಿ ತಪ್ಪಿತು ಎಂದು ಅರ್ಥ. ನಮ್ಮ ಮದುವೆ ಮಾತ್ರ ನಿಯರ್ ಮಿಸ್ ಅಲ್ಲ, ಆಗಿಯೇ ಹೋಯಿತು ಅಂದೆ ಒಂದು ದಿನ. ಅವರು ನಗಲಿಲ್ಲ. ಹುಳಿಪಾತ್ರೆಯ ಹಿಡಿ ಒಲೆಯಿಂದ ಹೊರಗೆ ಚಾಚಿದೆ, ಒಳಗೆ ತಿರುಗಿಸು ಅಂದರು.

ನಾವಿರುವುದು ಕುವೈತ್ ನಗರದಿಂದ ದೂರದ ಜಹ್ರಾದಲ್ಲಿ. ನಗರದ ಕಡೆಯ ಮೈದಾನ್ ಹವಲ್ಲಿಯಲ್ಲಿರುವ ನನ್ನ ಗೆಳತಿಯರಿಗೆ ಇದು ಇಂದಿಗೂ ಅರ್ಥವಾಗದ ವಿಷಯ. ಅವರ ಕಟ್ಟಡದಲ್ಲಿ ಲಿಫ್ಟಿನೊಳಗೆ ನಿಂತರೆ ಸಾಕು, ಮೇಲಿನ ಮಹಡಿ ತಲುಪುವಷ್ಟರಲ್ಲಿ ಮಂಡ್ಯದವರು, ಮಂಗಳೂರಿನವರು, ಕೇರಳದವರು ಎಲ್ಲ ಸಿಕ್ಕಿ ಮನೆಮನೆಯ ಸುದ್ದಿ ಗೊತ್ತಾಗುತ್ತದೆ. ಜಹ್ರಾದಲ್ಲಿ ಕನ್ನಡ ಕೇಳಬೇಕೆಂದರೆ ನಾನೇ ಮಾತಾಡಬೇಕು. ಆದರೆ ನನ್ನ ಕ್ಲಿನಿಕ್ ಇಲ್ಲೇ ಇದೆ, ನಡೆದುಕೊಂಡು ಹೋಗುವಷ್ಟು ಹತ್ತಿರ. ಉಮ್ ಫಹದ್ ಎಂಬ ಹಿರಿಯ ಹೆಂಗಸಿನ ಮನೆಯ ಕೆಳಗಿನ ಭಾಗದಲ್ಲಿ ನಾವು ಬಾಡಿಗೆಗಿದ್ದೇವೆ, ಮೇಲೆ ಅವರು. ಬಾಡಿಗೆ ವಸೂಲಿ, ನಲ್ಲಿ ರಿಪೇರಿ ಎಲ್ಲ ನೋಡಿಕೊಳ್ಳಲು ಅವರು ಒಂದು ಕಂಪನಿಗೆ ವಹಿಸಿದ್ದಾರೆ. ನಮ್ಮ ಭಾಗಕ್ಕೆ ಸೇರಿದ ಒಂದು ಹಿತ್ತಲಿದೆ. ಮಹಡಿಯಿಂದ ಇಳಿದು ಬರುವ ಹಿಂಬದಿಯ ಮೆಟ್ಟಿಲೂ ಅಲ್ಲಿಗೇ ತಲುಪುತ್ತದೆ. ಆ ಹಿತ್ತಲಿನಲ್ಲಿ ನೀಲಿ ಟೈಲ್ಸ್ ಹಾಕಿದ ಒಂದು ಪುಟ್ಟ ಈಜುಕೊಳ ಇತ್ತು. ಈಜುಕೊಳ ಎನ್ನುವುದು ಮರ್ಯಾದೆಯ ಮಾತು. ನಾವು ಬಂದಾಗ ಅದರೊಳಗೆ ಇದ್ದದ್ದು ಒಂದು ಕೆಟ್ಟ ಏಸಿ, ಚಕ್ರವಿಲ್ಲದ ಸೈಕಲ್ಲು ಮತ್ತು ಎಷ್ಟೋ ಮರಳುಗಾಳಿಗಳು ತಂದು ಸುರಿದ ಮಣ್ಣು.

ಅದನ್ನು ತೊಳೆಸಿ ನೀರು ತುಂಬಿಸಿದ್ದು ನಾನು. ವರ್ಷಗಟ್ಟಲೆ ಬೇರೆಯವರ ಬಾಯಿಗೆ ಬಗ್ಗಿ ಬಗ್ಗಿ ನನ್ನ ಬೆನ್ನು ಕೊಡೆಯ ಹಿಡಿಯ ಹಾಗೆ ಆಗಿತ್ತು. ನೀರಿನಲ್ಲಿ ನಿಂತು ನೋಡಿ ಎಂದು ಕ್ಲಿನಿಕ್ಕಿನ ಫಿಸಿಯೋ ಹುಡುಗಿ ಹೇಳಿದ್ದಳು. ನಿಂತೆ. ಸೊಂಟದವರೆಗೆ ನೀರು, ಮೈಮೇಲೆ ಹಳೆಯ ಚೂಡಿದಾರ. ಕೆಲವು ವಾರ ಸುಮ್ಮನೆ ನಿಂತಿದ್ದೆ. ಆಮೇಲೆ ಒಂದು ಶುಕ್ರವಾರ ಹಿಂದಕ್ಕೆ ಒರಗಿದೆ, ನೀರು ಹಿಡಿದುಕೊಂಡಿತು. ಮೈಸೂರಿನಲ್ಲಿ ನಾನು ಚಿಕ್ಕವಳಿದ್ದಾಗ ಈಜು ಕಲಿಯುತ್ತೇನೆ ಎಂದು ಹಟ ಹಿಡಿದಿದ್ದೆ. ಡಾಕ್ಟರ್ ಆಗುವವಳಿಗೆ ಈಜು ಯಾಕೆ ಎಂದು ಅಪ್ಪ ಕೇಳಿದ್ದರು, ನನಗೆ ಉತ್ತರ ಹೊಳೆದಿರಲಿಲ್ಲ. ಈಗ ಹೊಳೆಯಿತು. ಅಂಗಾತ ತೇಲುವಾಗ ಕಿವಿಗಳು ನೀರಿನೊಳಗೆ ಹೋಗುತ್ತವೆ. ಫೋನ್ ಕೇಳಿಸುವುದಿಲ್ಲ, ಕುಕ್ಕರ್ ಕೇಳಿಸುವುದಿಲ್ಲ, "ವಿಮಲಾ, ನನ್ನ ಕನ್ನಡಕ ನೋಡಿದ್ಯಾ" ಕೇಳಿಸುವುದಿಲ್ಲ. ಮೇಲೆ ಆಕಾಶ, ಕೆಳಗೆ ನೀರು, ನಡುವೆ ನೋವಿಲ್ಲದ ಒಂದು ಬೆನ್ನು. ದಿನಕ್ಕೆ ಅರ್ಧ ಗಂಟೆ. ಅಷ್ಟು ಮಾತ್ರ ನನ್ನದು, ಉಳಿದ ಇಪ್ಪತ್ತಮೂರೂವರೆ ಗಂಟೆ ಯಾರಿಗೆ ಬೇಕೋ ಅವರು ತೆಗೆದುಕೊಳ್ಳಲಿ ಎಂದು ನಾನು ಬಿಟ್ಟುಕೊಟ್ಟಿದ್ದೆ.

ಆ ಅರ್ಧ ಗಂಟೆಗೆ ಬೇಲಿ ಹಾಕಬೇಕೆಂದು ಕಂಪನಿಯವರು ಹೊರಟರು. ಅವರ ಕೈಕೆಳಗಿನ ಮನೆಗಳಲ್ಲಿ ಎಲ್ಲೆಲ್ಲಿ ಈಜುಕೊಳ, ಬಿಸಿನೀರಿನ ಸ್ಪಾ, ದೊಡ್ಡ ತೊಟ್ಟಿ ಇವೆಯೋ ಅವನ್ನೆಲ್ಲ ನೋಂದಾಯಿಸಬೇಕು, ಸುತ್ತ ಬೇಲಿ ಹಾಕಬೇಕು, ಗೇಟು ತಾನಾಗಿ ಮುಚ್ಚಿಕೊಳ್ಳಬೇಕು, ಚಿಲಕ ಮಕ್ಕಳ ಕೈಗೆ ಎಟುಕಬಾರದು ಎಂದು ಇನ್ಶೂರೆನ್ಸಿನವರು ಅವರಿಗೆ ಹೇಳಿದ್ದರಂತೆ. ಪಟ್ಟಿ ಮಾಡಲು ಬಂದವರು ಕಂಪನಿಯ ಮಂದೂಬ್, ಅಂದರೆ ಓಡಾಡುವ ಕೆಲಸದ ಪ್ರತಿನಿಧಿ, ಅಬು ಕರೀಂ ಎಂಬ ಈಜಿಪ್ಟಿನವರು. ಎತ್ತರದ ಆಸಾಮಿ, ದನಿ ಮಾತ್ರ ಬಹಳ ಮೆತ್ತಗೆ. ಅವರು ಬಾಗಿಲಿಗೆ ಬಂದಾಗ ನಾನು ಮೈಸೂರಿನ ಅಕ್ಕನ ಜೊತೆ ಫೋನಿನಲ್ಲಿದ್ದೆ. ಅಕ್ಕ ತನ್ನ ಸೊಸೆ ಉಪ್ಪಿಟ್ಟಿಗೆ ಸಕ್ಕರೆ ಹಾಕಿದ ಪ್ರಸಂಗವನ್ನು ಮೊದಲಿನಿಂದ ಹೇಳುತ್ತಿದ್ದಳು. ಇಂಥ ಕಡೆ ತಂಗಿಯಾದವಳು ಮಾಡಬೇಕಾದ ಕೆಲಸ ಒಂದೇ, ನಡುನಡುವೆ ಹೌದು ಅನ್ನುವುದು.

ಇಲ್ಲಿ ನಿಮಗೊಂದು ಅರಬಿಕ್ ಪಾಠ ಹೇಳಬೇಕು. ನೀರು ನಿಲ್ಲಿಸುವ ತೊಟ್ಟಿಗೆ ಅರಬಿಕ್‌ನಲ್ಲಿ ಹೌದ್ ಅನ್ನುತ್ತಾರೆ. ಬೀದಿಯ ಮಾತಿನಲ್ಲಿ ಅದು ಸ್ವಲ್ಪ ಬೇರೆ ಥರ ಕೇಳಿಸುತ್ತದೆ. ಆದರೆ ಅಬು ಕರೀಂ ಕಾಗದ ನೋಡಿಕೊಂಡು, ಶಾಲೆಯ ಮಕ್ಕಳು ಪದ್ಯ ಒಪ್ಪಿಸುವ ಹಾಗೆ ಸ್ಪಷ್ಟವಾಗಿ ಓದಿದರು. ನನ್ನ ವಿಜಯಪುರದ ಗೆಳತಿ ಆಮೇಲೆ ಹೇಳಿದಳು, ಅವರ ಕಡೆಯೂ ತೊಟ್ಟಿಗೆ ಹೌದ ಅಂತಲೇ ಅನ್ನುತ್ತಾರಂತೆ. ಈ ಜ್ಞಾನ ಮೊದಲೇ ಇದ್ದಿದ್ದರೆ ನಾನು ಅಕ್ಕನಿಗೆ "ಹೂಂ" ಅಂದು ಸುಮ್ಮನಾಗುತ್ತಿದ್ದೆ. ಅಬು ಕರೀಂ ಕೇಳಿದರು, "ಹೌದ್?" ನಾನು ಫೋನಿಗೆ ಹೇಳಿದೆ, "ಹೌದು." ಅವರು ಬರೆದುಕೊಂಡರು. ಅಕ್ಕ ಉಪ್ಪಿಟ್ಟಿನಿಂದ ಸಾರಿಗೆ ಬಂದಳು. "ಹೌದು ಕಣೇ" ಅಂದೆ. ಅವರು ತಲೆಯೆತ್ತಿ ಇನ್ನೊಂದು ಗೆರೆ ಎಳೆದರು. ಸಾರಿಗೂ ಸಕ್ಕರೆ ಬಿದ್ದಿತ್ತು ಎಂದು ತಿಳಿದಾಗ ನಾನು ನಿಜವಾಗಿಯೂ ಗಾಬರಿಯಾಗಿ "ಹೌದಾ?" ಅಂದೆ. ಅಬು ಕರೀಂ ನನ್ನನ್ನು ಬಹಳ ಗೌರವದಿಂದ ನೋಡಿ, ಮೂರನೆಯದನ್ನೂ ಬರೆದುಕೊಂಡು, ಎದೆಯ ಮೇಲೆ ಕೈಯಿಟ್ಟು ಹೊರಟುಹೋದರು. ಒಂದು ವಾರದ ನಂತರ ನೋಟೀಸು ಬಂತು. ನಮ್ಮ ಮನೆಯಲ್ಲಿ ಮೂರು ಈಜುಕೊಳಗಳು ನೋಂದಣಿಯಾಗಿದ್ದವು.

ನಮ್ಮ ಮನೆಯವರು ನೋಟೀಸನ್ನು ನಿಂತಲ್ಲೇ ಎರಡು ಸಲ ಓದಿದರು. ಅವರ ಮುಖ ಅಷ್ಟು ಅರಳಿದ್ದು ಮಗಳು ಹುಟ್ಟಿದಾಗಲೇ ಇರಬೇಕು. ಮೂರಲ್ಲ ಒಂದೇ ಎಂದು ಹೇಳಿಬಂದರೆ ಮುಗಿಯಿತು, ಆ ಒಂದಕ್ಕೆ ಬೇಲಿ ಹಾಕಲೇಬೇಕು, ಬಹಳ ಒಳ್ಳೆಯ ನಿಯಮ ಅಂದರು. ನಾನು ಹೇಳಿದೆ, ಮೂರಕ್ಕೂ ಹಾಕುವುದಿಲ್ಲ, ಒಂದಕ್ಕೂ ಹಾಕುವುದಿಲ್ಲ. ಕಂಪನಿಯ ಆಫೀಸಿಗೆ ನಾನೇ ಹೋದೆ. ಕೌಂಟರಿನ ಹಿಂದಿದ್ದ ಮನುಷ್ಯ ಕಂಪ್ಯೂಟರಿನಲ್ಲಿ ನೋಡಿ, ಮೂರು ಇದೆ ದಕ್ತೋರಾ ಅಂದ. ದಕ್ತೋರಾ ಅಂದರೆ ಡಾಕ್ಟರಮ್ಮ. ಮೂರು ಇಲ್ಲ ಅಂದೆ. ಇಲ್ಲವಾದರೆ ಎರಡನ್ನು ಮುಚ್ಚಿಸಿದ್ದಕ್ಕೆ ಪ್ರಮಾಣಪತ್ರ ತನ್ನಿ ಅಂದ. ತೋಡದೇ ಇರುವ ಕೊಳವನ್ನು ಹೇಗೆ ಮುಚ್ಚಿಸಲಿ ಎಂದು ಕೇಳಿದ್ದಕ್ಕೆ, ಅದು ಸುಲಭ, ಖರ್ಚೂ ಇಲ್ಲ, ಪತ್ರ ಮಾತ್ರ ಬೇಕು ಅಂದ. ಅವನ ಬಾಯಿಗೆ ಹತ್ತಿ ತುಂಬಬೇಕೆಂದು ನನಗೆ ಬಲವಾಗಿ ಅನಿಸಿತು.

ಕೊನೆಗೆ ಸ್ಥಳಪರೀಕ್ಷೆಗೆ ಅಬು ಕರೀಂ ಅವರೇ ಟೇಪು ಹಿಡಿದುಕೊಂಡು ಬಂದರು. ಪಾಪ, ಅವರಿಗೆ ಹೇಗಾದರೂ ಮೂರು ಲೆಕ್ಕ ತೋರಿಸಬೇಕಿತ್ತು, ಇಲ್ಲವಾದರೆ ಮೊದಲು ಬರೆದದ್ದು ಸುಳ್ಳಾಗುತ್ತಿತ್ತು. ಹಿತ್ತಲಿನದು ಒಂದು. ನಮ್ಮ ಬಚ್ಚಲಿನ ಬಾತ್‌ಟಬ್ಬನ್ನು ಸ್ಪಾ ಎಂದು ಬರೆದುಕೊಂಡರು. ಸುತ್ತ ಬೇಲಿ ಉಂಟೇ ಎಂದು ಕೇಳಬೇಕಾದ ಜಾಗದಲ್ಲಿ ಬಚ್ಚಲಿನ ಬಾಗಿಲನ್ನು ಎಳೆದು ಬಿಟ್ಟು ನೋಡಿದರು. ಕೀಲು ಸಡಿಲವಾಗಿದ್ದ ಆ ಬಾಗಿಲು ತಾನಾಗಿ ಬಂದು ಮುಚ್ಚಿಕೊಂಡಿತು. ಸ್ಪಾ ಪಾಸಾಯಿತು. ಮೂರನೆಯದು ನಾನು ಮೆಂತ್ಯ ಬೆಳೆಸುತ್ತಿದ್ದ ಪ್ಲಾಸ್ಟಿಕ್ ತೊಟ್ಟಿ. ಅದರಲ್ಲಿ ಮಣ್ಣಿದೆ, ಆದ್ದರಿಂದ ಕೊಳವನ್ನು ವಿಧಿವತ್ತಾಗಿ ಮುಚ್ಚಲಾಗಿದೆ ಎಂದು ಬರೆದರು. ಇಷ್ಟು ಬುದ್ಧಿವಂತ ಮನುಷ್ಯ ಉಳಿದ ಒಂದನ್ನೂ ಹೀಗೇ ಬಗೆಹರಿಸುತ್ತಾರೆ ಎಂದು ನಾನು ಚಹಾ ಕೊಟ್ಟೆ. ಅವರು ಚಹಾ ಕುಡಿದು, ಕೊಳದ ಸುತ್ತ ಅಳತೆ ತೆಗೆದು, ಕಂಪನಿಯೇ ಬೇಲಿ ತಂದು ಹಾಕುತ್ತದೆ, ನೀವು ಒಪ್ಪಿದರೆ ಸಾಕು, ಜೊತೆಗೆ ಆ ಕರಿಬೇವಿನ ಕುಂಡ ದೂರ ಇಡಬೇಕು, ಮಕ್ಕಳು ಅದರ ಮೇಲೆ ಹತ್ತಿ ಬೇಲಿ ದಾಟಬಹುದು ಅಂದರು. ನಾನು ಒಪ್ಪಲಿಲ್ಲ.

ಒಪ್ಪಿಸುವ ಭಾರವನ್ನು ನಮ್ಮ ಮನೆಯವರು ಹೊತ್ತುಕೊಂಡರು. ಒಂದು ಸಂಜೆ ಟೀವಿಗೆ ಲ್ಯಾಪ್‌ಟಾಪ್ ಜೋಡಿಸಿ, ನನ್ನೊಬ್ಬಳನ್ನೇ ಸೋಫಾದಲ್ಲಿ ಕೂರಿಸಿ, ಸೈಟಿನಲ್ಲಿ ಕೆಲಸಗಾರರಿಗೆ ತೋರಿಸುವಂಥದ್ದೇ ಚಿತ್ರಗಳನ್ನು ತೋರಿಸಿದರು. ಪ್ರಶ್ನೆಗಳಿದ್ದರೆ ಕೊನೆಯಲ್ಲಿ ಕೇಳಬಹುದು ಅಂದರು. ನಾನು ಕೇಳಿದೆ, ಈ ಮನೆಯಲ್ಲಿ ಮಕ್ಕಳೆಲ್ಲಿದ್ದಾರೆ? ಇರುವ ಒಬ್ಬ ಮಗಳು ಪುಣೆಯಲ್ಲಿ ಓದುತ್ತಿದ್ದಾಳೆ, ನೀರಿಗೆ ಬೀಳುವ ವಯಸ್ಸು ದಾಟಿ ಯಾರದ್ದಾದರೂ ಪ್ರೀತಿಗೆ ಬೀಳುವ ವಯಸ್ಸಿಗೆ ಬಂದಿದ್ದಾಳೆ, ಅದಕ್ಕೆ ಯಾವ ಕಂಪನಿಯೂ ಬೇಲಿ ಹಾಕುವುದಿಲ್ಲ. ಉಮ್ ಫಹದರ ಮೊಮ್ಮಗಳು ಬರ್ತಾಳಲ್ಲ ಅಂದರು. ಆ ಮಗು ಶುಕ್ರವಾರ ಮಾತ್ರ ಬರುತ್ತದೆ, ಅದೂ ಮಹಡಿಗೆ, ಅಲ್ಲಿ ಅದನ್ನು ನೋಡಿಕೊಳ್ಳಲು ಅಜ್ಜಿ, ಅತ್ತೆಯರು, ಕೆಲಸದವರು ಎಲ್ಲ ಇದ್ದಾರೆ ಅಂದೆ. ಮಗಳಿಗೆ ವೀಡಿಯೋ ಕಾಲ್ ಮಾಡಿ ನ್ಯಾಯ ಕೇಳಿದೆವು. ನಾನು ಕನ್ನಡದಲ್ಲಿ ಮನಸ್ಸು ಕರಗುವ ಹಾಗೆ ಎಲ್ಲ ಹೇಳಿದೆ. ಅವಳು "ಅಮ್ಮಾ, ಇಟ್ಸ್ ಜಸ್ಟ್ ಎ ಫೆನ್ಸ್" ಅಂದಳು. ಬೆಳೆಸಿದ ಮಗಳು ಹೀಗೆ ಎರಡು ಸೆಕೆಂಡಿನಲ್ಲಿ ಎದುರು ಪಕ್ಷ ಸೇರಿದಳು.

ಅವರಿಗೆ ಅರ್ಥವಾಗದ್ದು ಇಷ್ಟೇ. ಬೇಲಿ ನೋಡಿದರೆ ನನಗೆ ಉಸಿರು ಕಟ್ಟುತ್ತದೆ. ಹುಡುಗಿಯಾಗಿದ್ದಾಗ ಹಾಸ್ಟೆಲಿನ ಗೇಟು, ಆಮೇಲೆ ಅತ್ತೆಮನೆಯ ಹೊಸ್ತಿಲು, ಇಲ್ಲಿಗೆ ಬಂದ ಮೇಲೆ ಇಕಾಮಾ ಎಂಬ ವಾಸದ ಪರವಾನಗಿ, ಪರ್ಮಿಟ್ಟು, ಅಪಾಯಿಂಟ್‌ಮೆಂಟು. ಎಲ್ಲಿ ನೋಡಿದರೂ ಒಂದು ಚಿಲಕ, ಅದರ ಪಕ್ಕ ನನ್ನ ಒಳ್ಳೆಯದಕ್ಕೇ ನಿಂತಿರುವ ಒಬ್ಬ ಮನುಷ್ಯ. ಒಂದೇ ಒಂದು ಜಾಗದಲ್ಲಿ ನಾನು ಯಾರನ್ನೂ ಕೇಳದೆ ಇಳಿಯುತ್ತಿದ್ದೆ, ಯಾರನ್ನೂ ಕೇಳದೆ ಹತ್ತುತ್ತಿದ್ದೆ. ಅದನ್ನೂ ಸುತ್ತುಗಟ್ಟುತ್ತೇವೆ ಅಂದರೆ ಕೊಡುವುದಿಲ್ಲ, ಏನು ಮಾಡುತ್ತಾರೋ ಮಾಡಲಿ ಎಂದು ಸೆರಗು ಸಿಕ್ಕಿಸಿದೆ. ಚೂಡಿದಾರಕ್ಕೆ ಸೆರಗಿಲ್ಲ, ಆದರೂ ಸಿಕ್ಕಿಸಿದೆ.

ನನ್ನ ಕೈಯಲ್ಲಿ ಒಂದು ಅಸ್ತ್ರವಿತ್ತು, ಅದು ಈ ಊರಿನದೇ. ಹೆಂಗಸು ನೀರಿನಲ್ಲಿರುವಾಗ ಪರಗಂಡಸು ಹಿತ್ತಲಿಗೆ ಕಾಲಿಡುವುದು ಜಹ್ರಾದಲ್ಲಿ ಊಹೆಗೂ ಬರದ ಮಾತು. ಬೇಲಿಯ ಕಂಬಗಳನ್ನು ಹೊತ್ತ ಇಬ್ಬರು ಕೆಲಸಗಾರರೊಡನೆ ಅಬು ಕರೀಂ ಬಂದ ದಿನ, ಗಾಡಿಯ ಸದ್ದು ಕೇಳಿದ ತಕ್ಷಣ ನಾನು ಕೊಳಕ್ಕೆ ಇಳಿದೆ. ಗೋಡೆಯಾಚೆಯಿಂದ "ಯಾ ದಕ್ತೋರಾ" ಎಂದು ಕೂಗಿದರು. ನೀರಿನಲ್ಲಿದ್ದೇನೆ ಅಂದೆ. ಕಂಬಗಳನ್ನು ಗಾಡಿಗೆ ವಾಪಸು ಏರಿಸುವ ಸದ್ದಾಯಿತು. ಆಮೇಲೆ "ಬುಕ್ರಾ" ಅಂದರು, ನಾಳೆ ಬರುತ್ತೇವೆ ಎಂದು. ನಾಳೆಯೂ ನೀರಿನಲ್ಲಿದ್ದೆ. ಕ್ಲಿನಿಕ್ಕಿನ ಸಮಯ ಬಿಟ್ಟು ಅವರು ಯಾವಾಗ ಬಂದರೂ ನಾನು ನೀರಿನಲ್ಲಿ. ನನ್ನ ಬೆರಳುಗಳು ಒಣದ್ರಾಕ್ಷಿಯಾದವು. ಕ್ಲಿನಿಕ್ಕಿನ ಸಮಯದಲ್ಲಿ ಬರಲು ಅವರಿಗೆ ಹೊಳೆಯಲಿಲ್ಲವೇ ಎಂದು ನೀವು ಕೇಳಬಹುದು. ಹೊಳೆದಿತ್ತು, ಆದರೆ ಆ ಹೊತ್ತಿನಲ್ಲಿ ಅವರೂ ಕ್ಲಿನಿಕ್ಕಿನಲ್ಲೇ ಇರಬೇಕಾಗಿ ಬಂತು.

ಯಾಕೆಂದರೆ ಗೋಡೆಯಾಚೆ ಕಾದು ನಿಂತಾಗ ಒಂದು ದಿನ ಅವರು, ಹೇಗೂ ನೀವು ಡಾಕ್ಟರು, ಬಲಗಡೆಯ ಕೆಳದವಡೆ ರಾತ್ರಿಯೆಲ್ಲ ಬಡಿಯುತ್ತದೆ, ಏನು ಮಾಡಲಿ ಎಂದು ಕೇಳಿದರು. ನಾನು ಕತ್ತಿನವರೆಗೆ ನೀರಿನಲ್ಲಿ ಕೂತು, ಬಿಸಿಯದು ತಾಗಿದರೆ ನೋವೋ ತಣ್ಣಗಿನದು ತಾಗಿದರೆ ನೋವೋ ಎಂದು ಗೋಡೆಗೆ ಕೇಳಿದೆ. ಉಪ್ಪುನೀರಿನಲ್ಲಿ ಮುಕ್ಕಳಿಸಿ, ನಾಳೆ ಬನ್ನಿ ಅಂದೆ. ಬೇರಿನ ಚಿಕಿತ್ಸೆ ನಾಲ್ಕಾರು ಭೇಟಿ ಹಿಡಿಯಿತು. ಪ್ರತಿ ಸಲವೂ ಅವರ ಬಾಯಿಗೆ ಹತ್ತಿ ಇಟ್ಟ ಮೇಲೆ ನಾನು ಬೇಲಿಯ ವಿಷಯ ತೆಗೆಯುತ್ತಿದ್ದೆ. ಬೇಲಿ ಅನಗತ್ಯ, ಅಲ್ಲವೇ? "ಆಂ." ನೀವೇ ವರದಿಯಲ್ಲಿ ಹಾಗೆ ಬರೆಯುತ್ತೀರಿ, ಅಲ್ಲವೇ? "ಆಂ." ನನ್ನ ಹೌದನ್ನು ಅವರು ಬರೆದುಕೊಂಡ ಹಾಗೆ ಅವರ ಆಂ ಅನ್ನು ನಾನು ಬರೆದುಕೊಂಡೆ. ಬಾಯಿ ತೊಳೆದುಕೊಂಡು ಎದ್ದ ಮೇಲೆ ಅವರು ಶುಕ್ರನ್ ಎಂದು ಧನ್ಯವಾದ ಹೇಳಿ, ಬುಕ್ರಾ ಕಂಬಗಳನ್ನು ತರುತ್ತೇನೆ ಅನ್ನುತ್ತಿದ್ದರು.

ಅಷ್ಟರಲ್ಲಿ ಚಳಿಗಾಲ ಬಂತು. ಕುವೈತ್ ಎಂದರೆ ಬರೀ ಬಿಸಿಲು ಎಂದುಕೊಂಡವರು ಜನವರಿಯಲ್ಲಿ ಜಹ್ರಾದ ತೊಟ್ಟಿಯೊಂದಕ್ಕೆ ಇಳಿದು ನೋಡಬೇಕು. ನನ್ನ ಹೋರಾಟದ ಮುಖ್ಯ ದೋಷ ಆಗ ಗೊತ್ತಾಯಿತು, ಅದನ್ನು ಒದ್ದೆಯಾಗದೆ ಮಾಡಲು ಬರುವುದಿಲ್ಲ. ಗಾಡಿಯ ಸದ್ದಾದಾಗ ದೇವರೇ ಎಂದು ಇಳಿಯುತ್ತಿದ್ದೆ. ಹಲ್ಲಿನ ಡಾಕ್ಟರಿನ ಹಲ್ಲುಗಳು ಕಟಕಟನೆ ಬಡಿಯುವ ಸದ್ದು ಗೋಡೆಯಾಚೆಗೂ ಕೇಳಿಸಿರಬೇಕು. ದಕ್ತೋರಾ, ಹುಷಾರಾಗಿದ್ದೀರಾ ಎಂದು ಅಬು ಕರೀಂ ಕಾಳಜಿಯಿಂದ ವಿಚಾರಿಸುತ್ತಿದ್ದರು. ನಮ್ಮ ಮನೆಯವರು ಅಡುಗೆಮನೆಯ ಕಿಟಕಿಯಿಂದ ಟವೆಲ್ ಹಿಡಿದು, ಮೈ ತಣ್ಣಗಾದರೆ ಏನೇನಾಗುತ್ತದೆ ಎಂದು ಹಂತಹಂತವಾಗಿ ವಿವರಿಸುತ್ತಿದ್ದರು. ಸ್ವಲ್ಪ ಸೆಕೆಯಾಗುತ್ತಿದೆ ಎಂದು ನಾನು ಹೇಳಿದ್ದೂ ಉಂಟು.

ಚಳಿ ಇಳಿದು ನೀರು ಹದವಾದ ಮೇಲಿನ ಒಂದು ಶುಕ್ರವಾರ. ಗಾಡಿ ಬಂದಿರಲಿಲ್ಲ, ಹೋರಾಟಕ್ಕೆ ರಜೆ. ನಾನು ನನ್ನ ಸಂತೋಷಕ್ಕೇ ಇಳಿದು, ಅಂಗಾತ ತೇಲಿ, ಕಣ್ಣು ಮುಚ್ಚಿದ್ದೆ. ಹೊಟ್ಟೆಯ ಮೇಲೆ ಏನೋ ಪಟ್ಟನೆ ಬಿತ್ತು. ನಮ್ಮ ಮನೆಯವರ ಹವಾಯಿ ಚಪ್ಪಲಿ. ಕಣ್ಣು ತೆರೆದು ನೋಡಿದರೆ ಕೊಳದ ಅಂಚಿನಲ್ಲಿ ಉಮ್ ಫಹದರ ಮೊಮ್ಮಗಳು ನೂರಾ, ಇನ್ನೂ ಎರಡು ತುಂಬದ ಕೂಸು, ಕುಕ್ಕರುಗಾಲಿನಲ್ಲಿ ಕೂತು, ಎಸೆದ ಚಪ್ಪಲಿಯನ್ನು ವಾಪಸು ಪಡೆಯಲು ಕೈ ಚಾಚಿ ನೀರಿನ ಮೇಲೆ ಬಗ್ಗಿದ್ದಳು. ಮಹಡಿಯ ಮೆಟ್ಟಿಲು ಇಳಿದು, ಬಾಗಿಲು ದಾಟಿ, ಚಪ್ಪಲಿ ಎತ್ತಿಕೊಂಡು ಅಲ್ಲಿಯವರೆಗೆ ಬಂದಿದ್ದಾಳೆ, ನನಗೆ ಒಂದು ಸದ್ದೂ ಕೇಳಿಸಿರಲಿಲ್ಲ. ನಾನು ಅಷ್ಟೊಂದು ಪ್ರೀತಿಸುತ್ತಿದ್ದ ಆ ಮೌನದಲ್ಲಿ ಅವಳು ಬಿದ್ದಿದ್ದರೂ ಕೇಳಿಸುತ್ತಿರಲಿಲ್ಲ. ಹೇಗೆ ಎದ್ದೆನೋ, ಹೇಗೆ ಎತ್ತಿಕೊಂಡೆನೋ ನೆನಪಿಲ್ಲ. ಚಪ್ಪಲಿ ಕೊಡಲಿಲ್ಲವೆಂದು ಅವಳು ನನ್ನ ಒದ್ದೆ ಭುಜದ ಮೇಲೆ ಜೋರಾಗಿ ಅತ್ತಳು. ಅಳು ಕೇಳಿ ಅಷ್ಟು ಸಮಾಧಾನ ನನಗೆ ಎಂದೂ ಆಗಿರಲಿಲ್ಲ. ಮಹಡಿಗೆ ಹೋಗಿ ಕೊಟ್ಟಾಗ ಎಲ್ಲರೂ ಊಟದ ಗಡಿಬಿಡಿಯಲ್ಲಿದ್ದರು, ಮಗು ಇನ್ನೊಬ್ಬರ ಹತ್ತಿರ ಇದೆ ಎಂದು ಪ್ರತಿಯೊಬ್ಬರೂ ಅಂದುಕೊಂಡಿದ್ದರು. ಎಲ್ಲಿದ್ದಳು ಎಂದು ನಾನು ಹೇಳಿದ ಮೇಲೆ ಉಮ್ ಫಹದ್ ಮಗುವನ್ನು ಬಿಗಿಯಾಗಿ ಅಪ್ಪಿಕೊಂಡರು, ಆಮೇಲೆ ನಾನು ಒದ್ದೆ ಬಟ್ಟೆಯಲ್ಲೇ ನಿಂತಿರುವುದು ಕಂಡು ನನ್ನ ಮೇಲೂ ಒಂದು ಶಾಲು ಹೊದಿಸಿದರು.

ಅವತ್ತು ಮಧ್ಯಾಹ್ನವೇ ಕೊಳದ ನೀರನ್ನೆಲ್ಲ ಖಾಲಿ ಮಾಡಿದೆ. ಅಬು ಕರೀಂ ಅವರಿಗೆ ಫೋನ್ ಮಾಡಿ ಬೇಲಿ ತನ್ನಿ ಅಂದೆ. ಅವರಿಗೆ ತಮ್ಮ ಕಿವಿಯನ್ನೇ ನಂಬಲಾಗಲಿಲ್ಲ. ಬುಕ್ರಾ ಅಂದರು. ಬುಕ್ರಾ ಅಲ್ಲ, ಇವತ್ತು ಅಂದೆ. ಇವತ್ತು ಶುಕ್ರವಾರ ದಕ್ತೋರಾ ಅಂದರು. ಶನಿವಾರ ಬೆಳಿಗ್ಗೆ ಅವರ ಗಾಡಿ ಬಂದಾಗ ನಾನು ಬೀದಿಯಲ್ಲೇ ನಿಂತಿದ್ದೆ. ಕಂಬ ನೆಟ್ಟಗಿದೆಯೇ, ಸಲಾಕೆಗಳ ನಡುವೆ ಮಗುವಿನ ತಲೆ ತೂರುತ್ತದೆಯೇ, ಗೇಟು ಪೂರ್ತಿ ಮುಚ್ಚಿಕೊಳ್ಳುತ್ತದೆಯೇ ಎಂದು ಕೆಲಸಗಾರರ ಜೀವ ತಿಂದೆ. ಕರಿಬೇವಿನ ಕುಂಡವನ್ನು ನಾನೇ ಮುಂಬಾಗಿಲಿಗೆ ಹೊತ್ತುಕೊಂಡು ಹೋದೆ. ನಡೆದದ್ದನ್ನು ನಮ್ಮ ಮನೆಯವರಿಗೆ ಮಾತ್ರ ಹೇಳಲಿಲ್ಲ. ತಮ್ಮ ಚಿತ್ರಪ್ರದರ್ಶನ ಕೊನೆಗೂ ನನ್ನ ತಲೆಗೆ ಇಳಿಯಿತು ಎಂದು ಅವರು ನಂಬಿದರು, ಸೈಟಿನಲ್ಲೂ ಉದಾಹರಣೆಯಾಗಿ ಹೇಳಿದರಂತೆ. ಮೂವತ್ತು ವರ್ಷದ ಸಂಸಾರದಲ್ಲಿ ನಾನು ಮಾಡಿದ ಅತಿದೊಡ್ಡ ತ್ಯಾಗ ಅದು.

ಮತ್ತೆ ನೀರು ತುಂಬಿಸಿ ಒಳಗೆ ಹೋಗಿ ಗೇಟು ಬಿಟ್ಟೆ. ಅದು ತಾನಾಗಿ ಮುಚ್ಚಿಕೊಂಡು ಟಕ್ ಎಂದು ಚಿಲಕ ಬಿತ್ತು. ಆ ಸದ್ದು ಇಷ್ಟು ಇಂಪಾಗಿರುತ್ತದೆ ಎಂದು ಯಾವ ನೋಟೀಸಿನಲ್ಲೂ ಬರೆದಿರಲಿಲ್ಲ. ಈಗ ಕಣ್ಣು ಮುಚ್ಚಿ ತೇಲಬಹುದಿತ್ತು. ಕನ್ನಡಕ ಹುಡುಕುತ್ತಾ ಬಂದವರು ಬೇಲಿಯಾಚೆ ನಿಲ್ಲಬೇಕಿತ್ತು. ಚಿಲಕ ಎತ್ತರದಲ್ಲಿ, ಒಳಮುಖವಾಗಿದೆ. ನಮ್ಮ ಮನೆಯವರಿಗೆ ಭುಜ ಹಿಡಿದುಕೊಂಡಿರುವುದರಿಂದ ಅಷ್ಟು ಮೇಲೆ ಕೈಯೆತ್ತಿ ಒಳಗೆ ಬಗ್ಗಿಸಲು ಆಗುವುದಿಲ್ಲ. ಒಂದು ದಿನ ಅವರು ಓಡಾಡಲು ಸುಲಭವಾಗಲಿ ಎಂದು ಗೇಟಿಗೆ ಇಟ್ಟಿಗೆ ಒತ್ತುಕೊಟ್ಟು ತೆರೆದಿಟ್ಟಿದ್ದರು. ನಾನು ನೀರಿನಿಂದೆದ್ದು ನಿಯಮ ಏನು ಹೇಳುತ್ತದೆ ಗೊತ್ತೇ ಎಂದು ಶುರುಮಾಡಿ, ಅವರ ಪಾಠದ ಅರ್ಧ ಭಾಗವನ್ನು ಅವರಿಗೇ ಒಪ್ಪಿಸಿದೆ.

ಇಷ್ಟಾದ ಮೇಲೆ ಕಂಪನಿಗೆ ಹೊಸ ಮ್ಯಾನೇಜರ್ ಬಂದರು. ಮಾಲೀಕರೇ ವಾಸಿಸುವ ಮನೆಗಳಿಗೆ ತಮ್ಮ ನಿಯಮ ಅನ್ವಯಿಸುವುದಿಲ್ಲ, ಉಮ್ ಫಹದ್ ಮೇಲೆಯೇ ಇರುವುದರಿಂದ ನಮ್ಮ ಮನೆ ಲೆಕ್ಕಕ್ಕೇ ಬರುವುದಿಲ್ಲ ಎಂದು ಅವರು ಕಂಡುಹಿಡಿದರು. ವಫ್ರಾದ ಒಂದು ತೋಟದ ಮನೆಯಲ್ಲಿ ದೊಡ್ಡ ಈಜುಕೊಳವಿದೆಯಂತೆ, ನಮ್ಮ ಬೇಲಿಯನ್ನು ಕಿತ್ತು ಅಲ್ಲಿಗೆ ಒಯ್ಯಬೇಕೆಂದು ಅಪ್ಪಣೆಯಾಯಿತು. ಸುದ್ದಿ ತಂದ ಅಬು ಕರೀಂ, ನೀವು ಗೆದ್ದಿರಿ ದಕ್ತೋರಾ, ಮಬ್ರೂಕ್ ಎಂದು ನನ್ನನ್ನು ಅಭಿನಂದಿಸಿದರು. ಒಂದು ಸಲಾಕೆ ಮುಟ್ಟಿದರೆ ನೋಡಿ ಅಂದೆ. ಅವರು ತಲೆ ಕೆರೆದುಕೊಂಡರು. ಬೇಲಿ ಬೇಡ ಅನ್ನಲು ಇಷ್ಟು ಕಾಲ ನೀರಿನಲ್ಲಿ ಕೂತವಳು ಈಗ ಬೇಕು ಅನ್ನುತ್ತಾಳೆ ಎಂದು ಮ್ಯಾನೇಜರಿಗೆ ಹೇಗೆ ಹೇಳುವುದು ಎಂದು ಚಿಂತಿಸುತ್ತಿದ್ದರು. ವಫ್ರಾದವರಿಗೆ ಹೊಸದು ಕೊಡಿಸಿ, ಅಲ್ಲಿಯೂ ಮಕ್ಕಳಿರುತ್ತಾರೆ, ಆದರೆ ಇದನ್ನು ಬಿಟ್ಟುಕೊಡುವುದಿಲ್ಲ ಅಂದೆ. ಕೊನೆಗೆ ಅವರೇ ಒಂದು ದಾರಿ ತೋರಿಸಿದರು, ಬೇಲಿ ನಮಗೆ ಇಂಥ ಕಾರಣಕ್ಕೆ ಬೇಕು ಎಂದು ಬರೆದುಕೊಟ್ಟರೆ ನಾನು ನೋಡಿಕೊಳ್ಳುತ್ತೇನೆ ಅಂದರು.

ಬರೆಯಲು ಕೂತವರು ನಮ್ಮ ಮನೆಯವರು. ಹೆಸರು, ವಿಳಾಸ ಎಲ್ಲ ಬರೆದು, ಕಾರಣ ಏನೆಂದು ಕೇಳಿದರು.

"ಸುರಕ್ಷತೆ ಅಂತ ಬರೀರಿ" ಅಂದೆ.

ಅವರ ಪೆನ್ನು ನಿಂತಿತು. ಇಷ್ಟು ವರ್ಷ ಆ ಪದವನ್ನು ನಾನು ಅಣಕಿಸಲು ಬಿಟ್ಟು ಬೇರೆ ಯಾವುದಕ್ಕೂ ಬಳಸಿದವಳಲ್ಲ. ಕನ್ನಡಕ ತೆಗೆದು ಒರೆಸಿಕೊಂಡು, ಮೆಲ್ಲಗೆ, "ಯಾರಿಂದ?" ಅಂದರು.

"ಅದನ್ನ ಅಲ್ಲಿ ಕೇಳಿಲ್ಲ. ಕೇಳಿದ್ದಿದ್ರೆ ನಿಮ್ಮ ಹೆಸರು ಬರೀಬೇಕಾಗ್ತಿತ್ತು."

ಅವರು ಬರೆದು ಮುಗಿಸಿದರು, ನಾನು ಸಹಿ ಹಾಕಿದೆ. ಮಹಡಿಯ ಮೇಲೆ ಪುಟ್ಟ ಹೆಜ್ಜೆಗಳು ಒಂದು ತುದಿಯಿಂದ ಇನ್ನೊಂದು ತುದಿಗೆ ದಡದಡನೆ ಓಡಿದವು. ನಾನು ಎದ್ದು ಹಿತ್ತಲಿಗೆ ಹೋಗಿ ಗೇಟನ್ನು ಹಿಡಿದು ಜೋರಾಗಿ ಎಳೆದು ನೋಡಿದೆ, ಚಿಲಕ ಬಿದ್ದಿತ್ತು. ಇನ್ನೊಂದು ಸಲ ಎಳೆದೆ. ತಿರುಗಿದರೆ ಅಡುಗೆಮನೆಯ ಕಿಟಕಿಯಲ್ಲಿ ನಮ್ಮ ಮನೆಯವರು ಕೈಕಟ್ಟಿ ನಿಂತು ನೋಡುತ್ತಿದ್ದರು. ಜಹ್ರಾದಲ್ಲಿ ಎಷ್ಟು ಧೂಳು ನೋಡಿ ಅಂದುಕೊಂಡು, ದುಪಟ್ಟಾದ ತುದಿಯಿಂದ ಗೇಟನ್ನು ಮೇಲಿನಿಂದ ಕೆಳಗಿನವರೆಗೂ ಒರೆಸಿದೆ.